ನಿಲ್ದಾಣಕ್ಕೆ ನೀರುಣಿಸಿದ ಮೇಸ್ತ್ರಿ

ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮೇಸ್ತ್ರಿಗಳು ಮಗಳ ಮನೆಗೆ ಬಂದಾಗ, ಎರಡು ತಿಂಗಳು ಏಣಿಯ ತಂಟೆಗೆ ಹೋಗಕೂಡದೆಂದು ವೈದ್ಯರ ಕಟ್ಟಪ್ಪಣೆಯಾಗಿತ್ತು. ನಲವತ್ತು ವರ್ಷ ಸಾರುವೆಯ ಮೇಲೆ ನಿಂತು ಗೋಡೆ ಎಬ್ಬಿಸಿದ ಮನುಷ್ಯನಿಗೆ ಕುರ್ಚಿಯಲ್ಲಿ ಕೂರುವುದೇ ಒಂದು ಶಿಕ್ಷೆ. ಅದಕ್ಕಿಂತ ದೊಡ್ಡ ಶಿಕ್ಷೆಯೆಂದರೆ ಬೀಗರು ಕೊಡುತ್ತಿದ್ದ ಮರ್ಯಾದೆ.

ಬೀಗರು, ಎಂದರೆ ಮಗಳ ಮಾವನವರು, ನಿವೃತ್ತ ದಂತವೈದ್ಯರು. ಸ್ವಲ್ಪವೂ ನೋವಾಗುವುದಿಲ್ಲವೆಂದು ಮೂವತ್ತೈದು ವರ್ಷ ಹೇಳಿದ ಬಾಯಿ ಅದು. ಕಹಿಯಾದುದನ್ನು ಆಡುವ ಅಭ್ಯಾಸವೇ ಅದಕ್ಕೆ ತಪ್ಪಿಹೋಗಿತ್ತು. ಮೇಸ್ತ್ರಿಗಳು ಕೂತರೂ ಚೆನ್ನ, ನಿಂತರೂ ಚೆನ್ನ. ಒಮ್ಮೆ ಇಬ್ಬರೂ ಚದುರಂಗಕ್ಕೆ ಕುಳಿತರು. ಎದುರಿನವರನ್ನು ಗೆಲ್ಲಿಸಲು ಇಬ್ಬರೂ ಪಟ್ಟ ಪಾಡಿನಲ್ಲಿ ಆಟ ಮುಗಿಯಲೇ ಇಲ್ಲ. ಕಡೆಗೆ ಮಗಳು ಬಂದು ಹಲಗೆ ಮಡಚಿಟ್ಟಳು.

ಮನೆಗೆ ಅಂಟಿಕೊಂಡಿದ್ದ ಹಳೆಯ ಚಿಕಿತ್ಸಾ ಕೋಣೆಯಲ್ಲಿ ಬೀಗರು ಒಂದು ರೈಲುಲೋಕವನ್ನೇ ಹೂಡಿದ್ದರು. ರೋಗಿಗಳ ಕುರ್ಚಿಯೂ ಅದರ ಮೇಲಿನ ದೀಪವೂ ಇದ್ದಲ್ಲೇ ಇದ್ದವು. ಉಳಿದ ಜಾಗವನ್ನೆಲ್ಲ ಒಂದು ಪ್ಲೈವುಡ್ ಹಲಗೆ ನುಂಗಿತ್ತು. ಅದರ ಮೇಲೆ ಹಳಿ, ಸುರಂಗ, ಸೇತುವೆ, ಒಂದು ಪೇಟೆಬೀದಿ. ನಿಜವಾದ ಒಂದು ಅಡಿಗೆ ಇಲ್ಲಿ ಮೂರೂವರೆ ಮಿಲಿಮೀಟರಿನ ಲೆಕ್ಕ. ಗೇಣುದ್ದದ ಇಂಜಿನ್ನು ನಾಲ್ಕು ಬೋಗಿಗಳನ್ನೆಳೆದುಕೊಂಡು ಗರಗರನೆ ಸುತ್ತುತ್ತಿತ್ತು.

ಮೇಸ್ತ್ರಿಗಳು ಪೇಟೆಬೀದಿಯನ್ನು ಮೆಚ್ಚಿದರು. ಆಮೇಲೆ, ವೃತ್ತಿಯ ಚಾಳಿಯಂತೆ, ಹಿಂದಕ್ಕೆ ಬಗ್ಗಿ ನೋಡಿದರು. ಒಂದು ಅಂಗಡಿಗೂ ಹಿಂಗೋಡೆಯಿರಲಿಲ್ಲ; ರಟ್ಟಿನ ಮುಖಗಳಿಗೆ ಬೆಂಕಿಪೊಟ್ಟಣಗಳ ಆಸರೆ.

"ನೋಡೋರು ಮುಂದೆ ನಿಂತ್ಕೊಂಡು ನೋಡ್ತಾರಲ್ಲ, ಬೀಗರೇ," ಎಂದರು ದಂತವೈದ್ಯರು ತುಸು ನಾಚಿ. "ನಕ್ಕಾಗ ಕಾಣೋ ಹಲ್ಲು ಚೆನ್ನಾಗಿದ್ರೆ ಸಾಕು."

ಮೇಸ್ತ್ರಿಗಳ ತಲೆಯೊಳಗೆ ಹುಳ ಬಿಟ್ಟಂತಾಯಿತು. ರೈಲಿಗೆ ನಿಲ್ದಾಣವಿನ್ನೂ ಆಗಿಲ್ಲವೆಂದೂ, ತಿಂಗಳೊಪ್ಪತ್ತು ಕಳೆದು ಒಂದು ಭಾನುವಾರ ರೈಲಿನ ಹುಚ್ಚು ಹಿಡಿದ ಗೆಳೆಯರು ನೋಡಲು ಬರುವರೆಂದೂ ತಿಳಿದ ಕ್ಷಣವೇ, ಆ ನಿಲ್ದಾಣ ತಮ್ಮದೆಂದು ಅವರು ಸಾರಿಬಿಟ್ಟರು. ಅವರಿಗೆ ಬೇಕಾಗಿದ್ದುದು ಒಂದೇ: ಈ ಮನೆಯಲ್ಲಿ ಒಬ್ಬರಾದರೂ ತಮ್ಮನ್ನು ನೆಂಟನೆಂದಲ್ಲ, ಕೆಲಸಗಾರನೆಂದು ಕಂಡು, ಕೆಲಸ ಹೇಗಿದೆಯೆಂದು ನೆಟ್ಟಗೆ ಹೇಳಬೇಕು. ಬರಿಯ ಹೊಗಳಿಕೆಯನ್ನು ತಿಂದು ತಿಂದು ಅವರಿಗೆ ಅಜೀರ್ಣವಾಗಿತ್ತು.

ಕೆಲಸ ಶುರುವಾಯಿತು. ಕಟ್ಟಡವನ್ನು ಎಲ್ಲೋ ಕಟ್ಟಿ ತಂದು ಕೂರಿಸುವುದು ಮೇಸ್ತ್ರಿಗಳಿಗೆ ಒಗ್ಗದ ಮಾತು. ನಿಂತ ನೆಲದಲ್ಲೇ ಕಟ್ಟಬೇಕು, ಅದಕ್ಕೊಂದು ಪಾಯವಿರಬೇಕು. ಆದ್ದರಿಂದ ಪ್ಲೈವುಡ್ಡನ್ನೇ ಉಳಿಯಿಂದ ಕೊರೆದು ಎರಡು ಮಿಲಿಮೀಟರ್ ಆಳದ ಪಾಯ ತೆಗೆದರು. ಇಟ್ಟಿಗೆಪುಡಿಯನ್ನು ಮಗಳ ಹಳೆಯ ದುಪಟ್ಟಾದಲ್ಲಿ ಜರಡಿ ಹಿಡಿದು, ಸಿಮೆಂಟಿನೊಡನೆ ಕಲಸಿ, ಗಾಜಿನ ಮೇಲೆ ತೆಳ್ಳಗೆ ಹರಡಿ, ಬ್ಲೇಡಿನಿಂದ ಗೆರೆ ಕೊಯ್ದು ಇಟ್ಟಿಗೆ ಮಾಡಿದರು; ಒಂದೊಂದೂ ಅರ್ಧ ಅಕ್ಕಿಕಾಳಿನಷ್ಟು. ರೋಗಿಗಳ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು, ಬೀಗರ ಚಿಮಟದಲ್ಲಿ ಹಿಡಿದು ವರಸೆಯ ಮೇಲೆ ವರಸೆ ಇಟ್ಟರು. ಕಣ್ಣು ಹನಿಗೂಡಿದಾಗ ಮಾತ್ರ ನಿಲ್ಲಿಸುತ್ತಿದ್ದರು. ಒಳಗೆ ಬೆಂಚು, ಟಿಕೆಟ್ ಕಿಂಡಿ, ಗಡಿಯಾರ, ಮಾಸ್ತರರ ಮೇಜು. ಸೂರು ಕೂತ ಮೇಲೆ ಇದೆಲ್ಲ ಯಾರಿಗೆ ಕಾಣುತ್ತದೆಂದು ಮಗಳು ಕೇಳಿದಳು.

"ಕಾಣದ ಕಡೆ ಕೆಲಸ ಕದ್ದರೆ ಗೋಡೆಗೆ ಗೊತ್ತಾಗುತ್ತೆ ಕಣಮ್ಮ," ಎಂದರು.

ಗೋಡೆ ಎದ್ದಿತು. ಎದ್ದ ಗೋಡೆಯ ಸಿಮೆಂಟು ಗಟ್ಟಿಯಾಗಲು ನೀರುಣಿಸಬೇಡವೇ? ಬೀಗರ ಡ್ರಾಯರಿನಲ್ಲಿದ್ದ ಸಿರಿಂಜು ಹಿಡಿದು, ಹಸುಗೂಸಿಗೆ ಹಾಲು ಹನಿಸುವಂತೆ, ಮೇಸ್ತ್ರಿಗಳು ಅಂಗೈಯಗಲದ ಆ ನಿಲ್ದಾಣಕ್ಕೆ ದಿನಕ್ಕೆ ಮೂರು ಹೊತ್ತು ನೀರು ಕೊಟ್ಟರು. ಹತ್ತು ದಿನ ಒಂದು ಹೊತ್ತೂ ತಪ್ಪಲಿಲ್ಲ. ಬೀಗರು ಬಾಗಿಲಲ್ಲಿ ನಿಂತು ನೋಡಿ, ಗಂಟಲು ಸರಿಮಾಡಿಕೊಂಡು, ಬಹಳ ಚೆನ್ನಾಗಿದೆಯೆಂದು ಹೇಳಿ ಹೊರಟುಹೋಗುತ್ತಿದ್ದರು. ಹನ್ನೊಂದನೆಯ ದಿನ ಸೂರೂ ಕೂತಿತು.

ಭಾನುವಾರಕ್ಕೆ ಮೂರೇ ದಿನವಿತ್ತು. ಊಟವಾಗಿ ಮಲಗಿದ್ದ ಮೇಸ್ತ್ರಿಗಳ ಕಿವಿಗೆ ಪಕ್ಕದ ಕೋಣೆಯಿಂದ ರೈಲಿನ ಸದ್ದು ಬಂತು: ಗರಗರ, ಗರಗರ, ಟಪ್. ಆಮೇಲೆ ಮೌನ. ಪುನಃ ಗರಗರ, ಟಪ್. ಈಚೆಗೆ ತಾವು ಮಲಗಿದ ಮೇಲೆಯೇ ಬೀಗರು ರೈಲು ಬಿಡುತ್ತಿದ್ದಾರೆಂಬುದು ಅವರಿಗೆ ಆಗ ಹೊಳೆಯಿತು. ರೈಲು ಹೊರಟಲ್ಲಿಂದ ಒಂದು, ಎರಡು ಎಂದು ಎಂಟು ಸಲ ಎಣಿಸಿದರು. ಎಂಟೂ ಸಲ ಎಣಿಕೆ ಇಪ್ಪತ್ತಮೂರಕ್ಕೆ ಬಂದಾಗಲೇ ಟಪ್.

ಚೀಲದಿಂದ ರಸಮಟ್ಟವನ್ನು ತೆಗೆದುಕೊಂಡು, ಊರುಗೋಲನ್ನು ಮರೆತು, ಮೇಸ್ತ್ರಿಗಳು ಎದ್ದು ಹೋದರು. ನಿಲ್ದಾಣದ ಮುಂದೆ ಇಂಜಿನ್ನು ಹಳಿ ತಪ್ಪಿ ಮಗ್ಗುಲಾಗಿತ್ತು. ಬೀಗರು ಕದ್ದು ಸಿಕ್ಕಿಬಿದ್ದವರಂತೆ ಎದ್ದುನಿಂತು, ಇಂಜಿನ್ನಿಗೆ ವಯಸ್ಸಾಯಿತು, ನಮ್ಮ ಹಾಗೇ, ಎಂದೇನೋ ತೊದಲಿದರು. ಮೇಸ್ತ್ರಿಗಳು ರಸಮಟ್ಟವನ್ನು ಹಳಿಯ ಮೇಲಿಟ್ಟರು. ಗುಳ್ಳೆ ಓಟ ಕಿತ್ತು ನಿಲ್ದಾಣದ ಕಡೆಯ ತುದಿಗೆ ಸೇರಿತು. ಪಾಯದ ಗುಂಡಿಯಿಂದ ಇಳಿದ ಹತ್ತು ದಿನದ ನೀರನ್ನು ಕುಡಿದು ಪ್ಲೈವುಡ್ಡು ಊದಿಕೊಂಡಿತ್ತು; ನಾಲ್ಕು ಮಿಲಿಮೀಟರಿಗೆ ಕಡಿಮೆಯಿಲ್ಲ.

"ಎಷ್ಟು ದಿನದಿಂದ?"

"ಹೋದ ಸೋಮವಾರದಿಂದ."

"ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಬೀಗರಿಗೆ ಹೇಗ್ರೀ ಹೇಳೋದು?"

"ಊಟಕ್ಕೆ ಕೂತಾಗ ನಾನು ಬೀಗ. ಇಲ್ಲಿ ಮೇಸ್ತ್ರಿ. ನನ್ನ ಗೋಡೆ ಸೊಟ್ಟಗಾದಾಗ ಬಾಯಿ ಬಿಟ್ಟು ಹೇಳದೆ ಹೋದ ಮಾಲೀಕರು ಇವತ್ತಿನ ತನಕ ಯಾರೂ ಇರಲಿಲ್ಲ. ನೀವೇ ಮೊದಲು. ಹೇಳಿ ಈಗ. ಕೆಡವಲಾ?"

ದಂತವೈದ್ಯರು ಬಗ್ಗಿ, ಊದಿದ ಹಲಗೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ, ನೋಯುವ ಹಲ್ಲನ್ನು ಉಳಿಸಬಹುದೇ ಎಂದು ತೂಗುವವರ ದನಿಯಲ್ಲಿ ಹೇಳಿದರು: "ಕೆಡವೋದು ಬೇಡ. ಆದರೆ ನೀರು ಹಾಕಿದ್ದು ಶುದ್ಧ ಪೆದ್ದುತನ."

ಮೇಸ್ತ್ರಿಗಳ ಮುಖ ಅರಳಿತು. ಏಳು ವಾರದಲ್ಲಿ ಈ ಮನೆಯಲ್ಲಿ ಅವರು ಕೇಳಿದ ಮೊದಲ ಹಿತವಾದ ಮಾತು ಅದು.

ಅಲ್ಲಿಂದ ಇಬ್ಬರ ಕೈಯೂ ಚುರುಕಾಯಿತು. ಉಬ್ಬನ್ನು ಇಳಿಸಲಾಗದಿದ್ದರೆ ಏರನ್ನು ಉದ್ದ ಮಾಡಿದರಾಯಿತೆಂದು ಮೇಸ್ತ್ರಿಗಳು ದಾರ ಹಿಡಿದರು: ಎರಡೂ ಕಡೆ ಒಂದೂವರೆ ಅಡಿಯಷ್ಟು ದೂರದಿಂದ ಹಳಿ ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯಬೇಕು. ಅಷ್ಟು ನವುರಾದ ಇಳಿಜಾರನ್ನು ತಿದ್ದುವುದು ಮಾತ್ರ ಬೀಗರ ಪಾಲಿಗೆ ಬಂತು. ಹಳಿ ಕಿತ್ತು, ಹಲ್ಲಿನ ಅಚ್ಚಿಗೆ ಬಳಸುವ ಪ್ಲಾಸ್ಟರನ್ನು ಅವರು ದಾರದ ಗುಂಟ ಹಾಸಿದರು. ಅದು ಗಟ್ಟಿಯಾದ ಮೇಲೆ, ಹೊಸ ಹಲ್ಲು ಕಟ್ಟಿಸಿಕೊಂಡವರಿಂದ ಕಚ್ಚಿಸುವ ನೀಲಿ ಕಾಗದವನ್ನು ಹಾಸಿ, ಮೇಲೆ ಹಳಿಯಿಟ್ಟು ಒತ್ತಿದರು. ಕಾಗದ ತೆಗೆದರೆ ಎತ್ತರವಿದ್ದಲ್ಲೆಲ್ಲ ನೀಲಿ ಚುಕ್ಕೆ. ಚುಕ್ಕೆ ಕಂಡಲ್ಲಿ ಅವರ ಡ್ರಿಲ್ಲು ಜುಂಯ್ ಎಂದು ಸವೆಸಿತು. ನಲವತ್ತು ವರ್ಷ ಇಂಥದೊಂದು ಕಾಗದವಿರುವುದು ತಿಳಿಯದೆ ನೆಲ ಹಾಸಿದೆನಲ್ಲ ಎಂದು ಮೇಸ್ತ್ರಿಗಳು ಹಲುಬಿದರು.

ಭಾನುವಾರ ಗೆಳೆಯರು ಬಂದರು. ರೈಲು ಪೇಟೆಬೀದಿಯನ್ನು ದಾಟಿ, ಏರಿನಲ್ಲಿ ಕೊಂಚ ಏದುಸಿರು ಬಿಟ್ಟು, ನಿಲ್ದಾಣದ ಮುಂದೆ ಬಂದು ನಿಂತಿತು. ಒಂದು ಚಕ್ರವೂ ಹಳಿ ತಪ್ಪಲಿಲ್ಲ. ಏರಿನ ಮೇಲೆ ನಿಲ್ದಾಣವಿಡುವ ಕಲ್ಪನೆ ಯಾರದೆಂದು ಒಬ್ಬರು ಕೇಳಿದ್ದಕ್ಕೆ ಮೇಸ್ತ್ರಿಗಳು ನೀರಿನದು ಎಂದರು. ಎಲ್ಲರೂ ಹೊಗಳಿದರು, ಎಲ್ಲರೂ ಮುಂದೆ ನಿಂತೇ ನೋಡಿದರು, ತಿಂಡಿ ತಿಂದು ಹೊರಟರು.

ಅವರು ಹೋದಮೇಲೆ ದಂತವೈದ್ಯರು ಹಣೆಗೆ ದೀಪ ಕಟ್ಟಿಕೊಂಡು, ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿಯನ್ನು ತೆಗೆದು, ನಿಲ್ದಾಣದ ಬಾಗಿಲೊಳಗೆ ತೂರಿಸಿದರು. ಮೇಸ್ತ್ರಿಗಳು ಕುರ್ಚಿಯ ಅಂಚಿನಲ್ಲಿ, ತಮ್ಮದೇ ದವಡೆಯನ್ನು ತೋರಿಸುತ್ತಿರುವವರಂತೆ, ಉಸಿರು ಬಿಗಿಹಿಡಿದು ಕುಳಿತರು. ಕನ್ನಡಿ ಬೆಂಚಿನ ಕೆಳಗೆ ಹೋಯಿತು, ಟಿಕೆಟ್ ಕಿಂಡಿಯನ್ನು ಹಾಯ್ದು ಹಿಂಗೋಡೆಯ ಮೇಲೆ ನಿಂತಿತು.

"ಹಿಂದಿನ ಕಿಟಕಿ ಕೆಳಗೆ, ಮೂರನೇ ವರಸೆ," ಎಂದರು ಅವರು ಕಡೆಗೆ. "ಇಟ್ಟಿಗೆ ಸಂದಿ ಮೇಲೆ ಸಂದಿ ಬಂದಿದೆ. ನಿದ್ದೆ ಮಾಡ್ತಿದ್ರಾ?"

ಮೇಸ್ತ್ರಿಗಳು ಕನ್ನಡಿಯನ್ನು ಕಿತ್ತುಕೊಂಡು, ಒಂದೇ ಕಣ್ಣಿಟ್ಟು ನೋಡಿದರು.

"ಮೂರಲ್ಲ, ನಾಲ್ಕು. ಪಾಯದಿಂದ ಎಣಿಸಬೇಕು. ಅದೂ ಗೊತ್ತಿಲ್ಲ ನಿಮಗೆ."

"ಕಾಣೋ ಕಡೆಯಿಂದ ಎಣಿಸೋದ್ರೀ ಯಾರಾದ್ರೂ."

ದನಿಗಳು ಏರಿದವು. ಅಡುಗೆಮನೆಯಲ್ಲಿದ್ದ ಮಗಳು, ಅಪ್ಪನೂ ಮಾವನೂ ಕಡೆಗೂ ಜಗಳಕ್ಕೆ ಬಿದ್ದರೆಂದು ಗಾಬರಿಯಿಂದ ಓಡಿಬಂದಳು. ಎರಡು ನರೆತಲೆಗಳು ಹೆಬ್ಬೆರಳಗಲದ ಬಾಗಿಲ ಮುಂದೆ ಒಂದಕ್ಕೊಂದು ತಾಗಿಕೊಂಡಿದ್ದವು. ಇಬ್ಬರೂ ಗಟ್ಟಿಯಾಗಿ ಇಟ್ಟಿಗೆ ಎಣಿಸುತ್ತಿದ್ದರು. ಒಬ್ಬರು ಕೆಳಗಿನಿಂದ, ಇನ್ನೊಬ್ಬರು ಮೇಲಿನಿಂದ. ಅವಳು ಸದ್ದಿಲ್ಲದೆ ಹೋಗಿ, ಚದುರಂಗದ ಹಲಗೆಯನ್ನು ತಂದು ಪಕ್ಕದ ಮೇಜಿನ ಮೇಲೆ ಬಿಡಿಸಿಟ್ಟಳು.