ರೇವಣಪ್ಪನ ಬಲಗಾಲು

ಜೋಳದ ವ್ಯಾಪಾರಿಯಾದ ನನ್ನ ಮುಂದೆ ಮಾಲಾಗಿ ಪೇಟೆಗೆ ಬಂದಿದ್ದರೆ ರೇವಣಪ್ಪನನ್ನು ನಾನು ಮೊದಲ ನೋಟಕ್ಕೇ ಬದಿಗೆ ಸರಿಸುತ್ತಿದ್ದೆ: ತೂಕ ಕಡಿಮೆ, ಬಣ್ಣ ಮಾಸಿದ್ದು, ಮೇಲಿನ ಗೋಣಿಯಂತೂ, ಅಂದರೆ ನಿಜಾಮರ ಕಾಲದ ಆ ಖಾಕಿ ಕೋಟು, ಮೂರು ಕಡೆ ಹೊಲಿದದ್ದು. ಆದರೆ ಉದಗೀರದ ಈ ಮೋಟಾರು ಮಿಸ್ತ್ರಿಯ ಬೆಲೆಯೆಲ್ಲ ಬಲಗಾಲಿನ ಅಂಗಾಲಿನಲ್ಲಿತ್ತು. ಯಾವ ಗಾಡಿ ಹತ್ತುವಾಗಲೂ ಆ ಕಾಲಿನ ಚಪ್ಪಲಿಯನ್ನು ಬಿಚ್ಚಿ ಕೋಟಿನ ಜೇಬಿಗೆ ಸೇರಿಸಿ, ಜೋಳದ ರಾಶಿಯೊಳಗೆ ಕೈತೂರಿಸಿ ನಾನು ತೇವ ನೋಡುವ ಗಾಂಭೀರ್ಯದಲ್ಲಿ, ಬರಿಗಾಲನ್ನು ಬ್ರೇಕಿನ ಮೇಲಿಡುತ್ತಿದ್ದ. ಸಮಾಧಾನವಾದರೆ ಮಾತ್ರ ಚಪ್ಪಲಿ ಹೊರಗೆ ಬರುತ್ತಿತ್ತು; ಇಲ್ಲದಿದ್ದರೆ ಒಂಟಿ ಚಪ್ಪಲಿಯಲ್ಲೇ ಊರೆಲ್ಲ ತಿರುಗುತ್ತಿದ್ದ.

ಪೊಲೀಸ್ ಆ್ಯಕ್ಷನ್ನಿನ ಬಳಿಕ ಊರು ಬಿಟ್ಟ ಜಾಗೀರದಾರರೊಬ್ಬರ ಹಳೆಯ ಕಾರನ್ನು ನಾನು ಕೊಂಡಿದ್ದೆ. ಅದಕ್ಕಿದ್ದದ್ದು ಕಬ್ಬಿಣದ ಸರಳು ಎಳೆದು ಹಿಡಿಯುವ ಬ್ರೇಕು, ನಿಲ್ಲೆಂದರೆ ಯೋಚಿಸಿ ನಿಲ್ಲುವಂಥದು. ಮಗಳು ಸುಗಂಧಾಳನ್ನು ಉಮರ್ಗಾದ ಗಂಡನ ಮನೆಗೆ ಮೊದಲ ಸಲ ಅದರಲ್ಲೇ ಕಳಿಸುವ ಹಟದಿಂದ, ಹೈದರಾಬಾದಿನಿಂದ, ಕೊಳವೆಯೊಳಗಿನ ಎಣ್ಣೆಯ ಒತ್ತಡದಿಂದ ಗಾಲಿ ಹಿಡಿಯುವ ಎಣ್ಣೆ ಬ್ರೇಕಿನ ಸಾಮಾನು ತರಿಸಿ ರೇವಣಪ್ಪನಿಗೆ ಒಪ್ಪಿಸಿದೆ. ಜೋಡಿಸಿದ. ಹೊರಡುವ ದಿನ ನೋಡಿದರೆ ಪೆಡಲು ನಾದಿದ ಕಣಕದಂತೆ ಮೆತ್ತಗೆ ಕೆಳಗಿಳಿಯಿತು. ಎರಡನೆಯ ಸಲ ಒತ್ತಿದಾಗಷ್ಟೆ ಗಟ್ಟಿ. ಕೊಳವೆಯಲ್ಲಿ ಗಾಳಿ ಉಳಿದಿದೆಯೆಂದು ನಾಲ್ಕೂ ಗಾಲಿಗಳ ಬಳಿ ಬ್ರೇಕಿನ ಗಾಳಿ ಬಿಡುವ ತಿರುಪು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಎಣ್ಣೆ ಹರಿಸಿದ. ಗುಳ್ಳೆಗಳು ನಿಂತವು; ಪೆಡಲು ಮೆತ್ತಗೇ ಇತ್ತು.

ಬೀಗರು ಕಾಯುತ್ತಿದ್ದರು. “ಎರಡ ಸಲ ಒತ್ತಿದ್ರ ನಿಂದರತದಲ್ಲೋ ರೇವಣ್ಣಾ, ಕೀಲಿ ಕೊಡು,” ಎಂದೆ.

“ಎಮ್ಮಿ ಅಡ್ಡ ಬಂದ್ರ, ‘ತಡೀ ನಮ್ಮವ್ವಾ, ಇನ್ನೊಂದ ಸಲ ಒತ್ತತೀನಿ’ ಅಂತ ಅದಕ್ಕ ಹೇಳ್ತೀರೇನ್ರೀ ಸಾವಕಾರ್ರ?” ಕೀಲಿಯೂ ಚಪ್ಪಲಿಯಿದ್ದ ಜೇಬಿಗೇ ಹೋಯಿತು.

ಎದುರಂಗಡಿಯ ಕಲ್ಯಾಣಪ್ಪ ಕೆಣಕಿದ: “ಹೈದರಾಬಾದನವ ಟೋಪಿ ಹಾಕ್ಯಾನ ನಿಮಗ. ಮಾಲೇ ಖರಾಬ.”

ನನಗೂ ಹಾಗೇ ಅನ್ನಿಸಿ, ಬೈಗುಳದ ಕಾಗದ ಮನಸ್ಸಿನಲ್ಲೇ ಅರ್ಧ ಬರೆದಾಗಿತ್ತು. ರೇವಣಪ್ಪ ನನ್ನ ಅಂಗಡಿಯ ಔಡಲೆಣ್ಣೆಯ ಶೀಸೆಯೊಂದನ್ನು ತಲೆಕೆಳಗೆ ಹಿಡಿದು, ಒಳಗಿನ ಗುಳ್ಳೆ ಮೆಲ್ಲನೆ ಮೇಲೇರುವುದನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಾರಿನಡಿ ನುಸುಳಿ, ಎದ್ದು ಬಂದು, ಪೇಟೆಯೆಲ್ಲ ಕೇಳುವಂತೆ ಹೇಳಿದ:

“ಮಾಲು ಚಲೋ ಅದರೀ. ಮುಂದಿನ ಎಡಗಾಲಿ ಬ್ರೇಕಿನ ಸಿಲಿಂಡರ್ ಬಲಕ್ಕ, ಬಲದ್ದು ಎಡಕ್ಕ ಹಾಕಿದಾಂವ ನಾನ. ತಿರುಪು ತೆಳಗಾಗ್ಯಾವ. ಗಾಳಿ ಮ್ಯಾಲ ಕುಂತದ, ನಾ ತೆಳಗ ಬಾಗಲಾ ತೆಗದು ಹೊರಗ ಬಾ ಅಂತ ಕರೀಲತ್ತೀನಿ!”

ಮೂವತ್ತು ವರ್ಷದ ವ್ಯಾಪಾರದಲ್ಲಿ ಹುಳಬಿದ್ದ ಜೋಳಕ್ಕಾಗಿ ನಾನು ಮಳೆಯನ್ನು ದೂರಿದ್ದೇನೆ, ಗೋದಾಮನ್ನು ದೂರಿದ್ದೇನೆ, ಬೆಳೆದವನನ್ನೂ ಬಿಟ್ಟಿಲ್ಲ. ನನ್ನ ಹೆಸರು ಮಾತ್ರ ಎಂದೂ ಬಾಯಿಗೆ ಬಂದಿಲ್ಲ. ಸುಮ್ಮನಿದ್ದಿದ್ದರೆ ಕಾಣದೂರಿನವನ ತಲೆಗೆ ಹೋಗುತ್ತಿದ್ದ ತಪ್ಪನ್ನು ಈ ಮನುಷ್ಯ ಕೈನೀಡಿ ಇಸಿದುಕೊಂಡದ್ದನ್ನು ನೋಡಿ ಕಲ್ಯಾಣಪ್ಪನಂಥ ಕಲ್ಯಾಣಪ್ಪನೂ ಅಂಗಡಿಯಿಂದಿಳಿದು ಬಂದು ಗಾಲಿ ಬಿಚ್ಚಲು ಕೈಹಚ್ಚಿದ.

ಅದಲುಬದಲು ಮಾಡಿ, ಗಾಳಿ ಬಿಡಿಸಿ, ಬರಿಗಾಲಿಟ್ಟ. ಒಂದೇ ಒತ್ತಿಗೆ ಪೆಡಲು ಕಲ್ಲಾಯಿತು. ಚಪ್ಪಲಿ ಹೊರಬಂತು.

ಸುಗಂಧಾಳನ್ನು ಕೂರಿಸಿಕೊಂಡು ನಾನೇ ಕಾರು ನಡೆಸುತ್ತಿದ್ದೆ; ನಿಲಂಗಾ ದಾಟಿದ ಇಳಿಜಾರಿನಲ್ಲಿ ಎಮ್ಮೆ ಬರಲಿಲ್ಲ. ಜೋಳದ ದಂಟಿನ ಕಣಿಕೆ ಹೇರಿದ ಎತ್ತಿನ ಚಕ್ಕಡಿಯೊಂದು ಹೊಲದಿಂದ ನೇರ ರಸ್ತೆಗೆ ಇಳಿಯಿತು. ಎರಡನೆಯ ಸಲ ಒತ್ತಲು ಅಲ್ಲಿ ಸಮಯವಿರಲಿಲ್ಲ, ಒತ್ತಬೇಕಾಗಿಯೂ ಬರಲಿಲ್ಲ.

ಕೈಕುಶಲರು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ತಮ್ಮ ಕೈಯ ಮೇಲೇ ಮೊದಲು ಅನುಮಾನಪಡುವ ರೇವಣಪ್ಪನ ವರ್ಗದವರು ಎಲ್ಲೋ ಒಬ್ಬರು, ಮತ್ತು ಅವರ ಗುರುತು ನಮಗೆ ಹತ್ತದೆ ಇರುವುದೇ ಹೆಚ್ಚು, ಏಕೆಂದರೆ ಅವರು ಮುಟ್ಟಿದಲ್ಲಿ ಅನಾಹುತ ನಡೆಯುವುದಿಲ್ಲ. ನನ್ನ ಮಗಳನ್ನು ನನಗೆ ಉಳಿಸಿಕೊಟ್ಟವನು ರೇವಣಪ್ಪ.