ಒಂಬತ್ತನೇ ನಂಬರಿಗೆ ಓ ಅಂದವರು

ತೊಂಬತ್ತೆಂಟರ ಮಾತು. ಬಾಶೆಟ್ಟಿಹಳ್ಳಿಯ ಸೀರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದಿನ ಕುರ್ಚಿ ನಂದು. ನಾಲ್ಕು ವರ್ಷದಿಂದ ನಂದು! ಯಜಮಾನರು ಆದಿನಾರಾಯಣಪ್ಪನವರು ತಮ್ಮ ಅಕ್ಕನ ಮಗ ವಿಜಯ್‌ನ ಕರ್ಕೊಂಡು ಬಂದು, "ಅನಿತಾ, ಸೋಮವಾರದಿಂದ ನೀನು ಸೀರೆ ಮಡಚೋ ಟೇಬಲ್ಲಿಗೆ ಹೋಗಮ್ಮ, ಇದನ್ನ ಇವನು ನೋಡ್ಕೋತಾನೆ" ಅಂದ್ಬಿಟ್ರು.

ವಿಜಯ್ ಬಂದವನು ಸುಮ್ನಿರಬಾರದಾ? ಅಲ್ಲೀವರೆಗೆ ಆಫೀಸಿನ ಕೇಬಲ್ಲು, ಮಗ್ಗದ ಶೆಡ್ಡಿನ ಕೇಬಲ್ಲು ಸೇರಿ ಒಂದೇ ಬೀದಿ ಇದ್ದಂಗಿತ್ತು. ಒಂದು ಕಂಪ್ಯೂಟರ್ ಇನ್ನೊಂದರ ನಂಬರ್ ಹಿಡಿದು ಕೂಗಿದ್ರೆ, ಅದು ನೇರವಾಗಿ ಓ ಅಂತಿತ್ತು. ಇವನು ನಡುವೆ ಹೊಸ ಕಂಪ್ಯೂಟರ್ ಕೂರಿಸಿ, ಎರಡು ಬೀದಿ ಮಾಡಿ, ಹೋಗೋದು ಬರೋದೆಲ್ಲ ಇದರ ಮೂಲಕವೇ ಅಂದ. ಅದಕ್ಕೆ ರಿಜಿಸ್ಟರಲ್ಲಿ ಖಾಲಿ ಕಂಡ ಒಂಬತ್ತನೇ ನಂಬರ್ ಕೊಟ್ಟ. ಅವತ್ತಿಂದ ಶೆಡ್ಡು ಕೇಳಿದ್ದು ಆಫೀಸಿಗೆ ಬರ್ತಿತ್ತು, ಆಫೀಸಿನ ಉತ್ತರ ಮಾತ್ರ ಶೆಡ್ಡಿಗೆ ಹೋಗ್ತಿರಲಿಲ್ಲ.

"ಇಲಿ ಕೇಬಲ್ ಕಡಿದಿರ್ಬೇಕು ಮಾವ" ಅಂದ ವಿಜಯ್.

"ಬರೋದು ಬಿಟ್ಟು ಹೋಗೋದನ್ನ ಮಾತ್ರ ಕಡಿಯೋ ಇಲಿ ಎಲ್ಲಿಂದ ತಂದೆಯಪ್ಪಾ?" ಅಂದೆ.

ಯಜಮಾನರಿಗೆ ರೇಗಿತು. "ಶನಿವಾರ ಸಂಜೆಯೊಳಗೆ ಯಾರು ಸರಿಮಾಡ್ತೀರೋ ಅವರದ್ದೇ ಕುರ್ಚಿ!"

ಯಾವ ನಂಬರಿಗೆ ಯಾವ ಕಾರ್ಡು, ಅಂದ್ರೆ ಕಂಪ್ಯೂಟರಿನೊಳಗೆ ಕೇಬಲ್ ಸಿಕ್ಕಿಸೋ ಹಲಗೆ, ಓ ಅಂದಿತು ಅಂತ ಪ್ರತಿ ಕಂಪ್ಯೂಟರೂ ಪಟ್ಟಿ ಇಟ್ಕೊಂಡಿರುತ್ತೆ. ಆಫೀಸಿನ ಪಟ್ಟಿ ತೆಗೆದು ನೋಡಿದೆ. ಒಂಬತ್ತರ ಎದುರಿಗೆ ಇದ್ದದ್ದು ವಿಜಯ್‌ನ ಹೊಸ ಕಾರ್ಡೇ ಅಲ್ಲ! ಇನ್ನ್ಯಾವುದೋ ನಾನೇ ಒಂಬತ್ತು ಅಂತ ಉತ್ತರಗಳನ್ನೆಲ್ಲ ನುಂಗ್ತಾ ಕೂತಿದೆ. ಸೆರಗು ಸಿಕ್ಕಿಸಿ, ಮಂಡಿಯೂರಿ, ಒಂದೊಂದೇ ಕೇಬಲ್ ಹಿಡಿದು ಹೊರಟೆ. ಒಂದು ಕೇಬಲ್ಲು ಬೀರುವಿನ ಕೆಳಗೆ ನುಸುಳಿ, ಗೋಡೆ ತೂತಿನಿಂದ ಹಿಂದಿನ ದೇವರ ಕೋಣೆಗೆ ಹೋಗಿತ್ತು.

ಅಲ್ಲಿ ನಮ್ಮ ಹಳೇ ಒಂಬತ್ತನೇ ನಂಬರಿನ ಕಂಪ್ಯೂಟರ್. ಹೋದ ವರ್ಷ ಅದರ ಪರದೆ ಕಪ್ಪಾದಾಗ ರಿಜಿಸ್ಟರಲ್ಲಿ "ಕೆಟ್ಟಿದೆ, ತೆಗೆದುಹಾಕಿದೆ" ಅಂತ ಬರೆದವಳು ನಾನೇ. ಈಗ ನೋಡಿದ್ರೆ ಅರಿಶಿನ, ಕುಂಕುಮ, ಸೇವಂತಿಗೆ ಹಾರ. ಒಳಗೆ ಫ್ಯಾನು ಗುಯ್‌ಗುಟ್ತಿದೆ! ಮುಂದೆ ಯಜಮಾನರ ತಾಯಿ ರುಕ್ಮಿಣಮ್ಮ ಬತ್ತಿ ಹೊಸೀತಾ ಕೂತಿದ್ರು.

"ಅಜ್ಜೀ, ಇದು ನಡೀತಿದೆಯಲ್ಲ!"

"ನಡೀದೆ ಏನು? ಆಯುಧಪೂಜೆಗೆ ಕೇಬಲ್ ಸಮೇತ ಇಲ್ಲಿಗೆ ತರಿಸಿದ್ದೆ, ಅವತ್ತಿಂದ ದಿನಾ ದೀಪ ಹಚ್ಚಿ ನಾನೇ ಸ್ವಿಚ್ ಒತ್ತೀನಿ. ಹೋಗಿರೋದು ಪರದೆ ಒಂದೇ ಕಣೇ."

ಇದಕ್ಕೂ ಹೊಸದಕ್ಕೂ ಒಂದೇ ನಂಬರ್ ಆಗಿದೆ, ಇದರ ಸ್ವಿಚ್ ಆಫ್ ಮಾಡ್ಬೇಕು ಅಂದೆ.

"ಕೈ ಇಟ್ಟು ನೋಡು! ಇದು ಬದುಕಿರುವಾಗಲೇ ಇದರ ನಂಬರ್ ಇನ್ನೊಬ್ಬರಿಗೆ ಕೊಟ್ಟೋರು ಯಾರು? ಕೂಗಿದ್ರೆ ಓ ಅನ್ನದೆ ಏನು ಮಾಡುತ್ತೆ, ಪಾಪ?"

ನನಗೆ ಅಳು ಬಂದ್ಬಿಡ್ತು. ಸೋಮವಾರದಿಂದ ನಂದೂ ಇದೇ ಗತಿ ತಾನೇ?

ಹಳೇದನ್ನ ಮುಟ್ಟಲಿಲ್ಲ. ಹೊಸದಕ್ಕೆ ಹತ್ತನೇ ನಂಬರ್ ಕೊಟ್ಟು, ಆಫೀಸಿನ ಕಂಪ್ಯೂಟರುಗಳಿಗೆಲ್ಲ ಇನ್ಮೇಲೆ ಹತ್ತರ ದಾರಿ ಅಂತ ಹೇಳಿದೆ. ಐದು ನಿಮಿಷಕ್ಕೆ ಶೆಡ್ಡಿನಲ್ಲಿ ಪ್ರಿಂಟರ್ ಕಿರ್ರ್ ಅಂತು.

"ಯಾರದ್ದಮ್ಮಾ ತಪ್ಪು?" ಅಂದ್ರು ಯಜಮಾನರು.

ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. "ನೋಡದೆ ನಂಬರ್ ಕೊಟ್ಟಿದ್ದು ವಿಜಯ್. ಕೆಟ್ಟಿದೆ ಅಂತ ಬರೆದಿದ್ದು ನಾನು."

ದೇವರ ಕೋಣೆಯಿಂದ ರುಕ್ಮಿಣಮ್ಮನ ದನಿ ಬಂತು. "ಹಳೇದನ್ನ ಎತ್ತಿಡೋಕೆ ಮುಂಚೆ ಒಂದ್ಸಲ ಕೂಗಿ ನೋಡ್ಬೇಕು ಕಣೋ ಆದೀ. ನಿನಗೂ ಸೇರಿಸೇ ಹೇಳಿದ್ದು!"

ಸೋಮವಾರ ಬೆಳಿಗ್ಗೆ ಯಜಮಾನರು ಒಳಗಿಂದ, "ಕಂಪ್ಯೂಟರ್ ಮುಂದೆ ಯಾರ್ರೀ ಇದೀರಾ?" ಅಂತ ಕೂಗಿದರು. ವಿಜಯ್ ಮಡಚೋ ಟೇಬಲ್ಲಿನಲ್ಲಿ ಸೀರೆಯ ಸೆರಗು ಯಾವ ಕಡೆ ಅಂತ ಹುಡುಕ್ತಿದ್ದ. ಓ ಅಂದಿದ್ದು ನಾನೊಬ್ಬಳೇ.