ಗಲ್ಲಕ್ಕೆಳೆದ ಹೆದೆ

ಅಯ್ಯಣ್ಣ ನಾಯಕನಿಗೆ ಬಂದೂಕು ಇರಲಿಲ್ಲ. ಇದ್ದಿದ್ದರೆ ನಾನು ಬಿದಿರಾಗಿಯೇ ಉಳಿದು, ಯಾರದೋ ಮನೆಯ ಏಣಿಯಾಗಿ ಮುಗಿದುಹೋಗುತ್ತಿದ್ದೆ.

ನಾನು ಒಂದು ಬಿಲ್ಲು. ಸುರಪುರದ ಕಡೆಯ ಕಲ್ಲುಗುಡ್ಡಗಳ ನಡುವಿನ ಒಂದು ಊರಿನಲ್ಲಿ ಹುಟ್ಟಿದೆ. ಅಯ್ಯಣ್ಣ ನನ್ನನ್ನು ಸೀಳಿದ, ಒಲೆಯ ಮೇಲೆ ಹೊಗೆಗೆ ಕಟ್ಟಿದ, ಕೆಂಡದ ಕಾವು ಕೊಟ್ಟು ಬಗ್ಗಿಸಿದ. ಕತ್ತಾಳೆ ನಾರಿನ ಹೆದೆ ಬಿಗಿದ ಮೇಲೆ ನನಗೆ ಉಳಿದದ್ದು ಎರಡೇ ಕೆಲಸ: ಎಳೆದರೆ ಬಗ್ಗುವುದು, ಬಿಟ್ಟರೆ ಹಿಂದಕ್ಕೆ ಚಿಮ್ಮುವುದು. ಎರಡರಲ್ಲೂ ನನ್ನ ಒಪ್ಪಿಗೆ ಯಾರಿಗೂ ಬೇಕಿರಲಿಲ್ಲ.

ಅಯ್ಯಣ್ಣನ ಕೈಯಲ್ಲಿ ನಾನು ಹೆಚ್ಚು ಹೊತ್ತು ಬಗ್ಗಿರುತ್ತಿರಲಿಲ್ಲ. ಜಿಂಕೆ ತಲೆ ತಗ್ಗಿಸಿ ಮೇಯುವಾಗ, ಇಲ್ಲವೇ ಅದರ ಕಣ್ಣು ಪೊದೆಯ ಮರೆಗೆ ಹೋದಾಗ ಮಾತ್ರ ಎಳೆಯುತ್ತಿದ್ದ. ಅದು ತಲೆ ಎತ್ತಿದರೆ ಕಲ್ಲಿನಂತೆ ನಿಲ್ಲುತ್ತಿದ್ದ. ಹೆದೆ ಗಲ್ಲ ಮುಟ್ಟಿದ ಮೇಲೆ ಒಂದು ಉಸಿರು, ಅಷ್ಟೇ. ಜಿಂಕೆ ಬೀಳುತ್ತಿತ್ತು, ಮನೆಯವರು ಉಣ್ಣುತ್ತಿದ್ದರು. ನನಗೆ ಹೆಮ್ಮೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

ಅವನ ಭುಜ ಸೋತಾಗ ನಾನು ಅಳಿಯ ತಿಪ್ಪಣ್ಣನ ಕೈಗೆ ಬಂದೆ. ಒಬ್ಬನೇ ಮಗ ಹುಲುಗಪ್ಪನಿಗೆ ಗುರಿ ಇರಲಿಲ್ಲ, ಗಂಟಲಿತ್ತು. ಬೇಟೆಯಲ್ಲಿ ಕೂಗಿ ಪ್ರಾಣಿ ಎಬ್ಬಿಸುವವರಿಗೆ ಅವನೇ ಮುಂದಾಳು.

ತಿಪ್ಪಣ್ಣ ಮನೆ ಅಳಿಯ. ಯುಗಾದಿ ಬೇಟೆಯಲ್ಲಿ ಪ್ರಾಣಿ ಕೆಡವದವರಿಗೆ ಆ ಊರಿನಲ್ಲಿ ಸಿಗುವುದು ಕೂಗಿನ ಪಾಲು, ಅಂದರೆ ಬರೀ ಕರುಳು. ಹುಲುಗಪ್ಪ ಅದನ್ನು ನಗುತ್ತಾ ಒಯ್ಯುತ್ತಿದ್ದ. ತಿಪ್ಪಣ್ಣನಿಗೆ ಅದು ಅವಮಾನ.

"ಮಾಮಾ, ಈ ವರ್ಷನೂ ಕರುಳೇ ಏನು?" ಎಂದು ಹುಲುಗಪ್ಪ ಅಕ್ಕನ ಗಂಡನನ್ನು ಕಟ್ಟೆಯ ಮೇಲೆ ಎಲ್ಲರೆದುರು ಕೇಳಿದ. "ನಾನಾದ್ರ ಕೂಗಿ ಗಳಸ್ತೀನಿ. ನೀ ಸುಮ್ನ ನಿಂತು ಗಳಸ್ತಿ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಮನೆಯಲ್ಲಿ ಹೆಂಡತಿ ಮರೆಮ್ಮ ನಗಲಿಲ್ಲ. "ಈ ಸಲನೂ ಕರುಳು ತಂದ್ರ ನಾಯಿಗೆ ಹಾಕ್ತೀನಿ, ನೋಡು," ಎಂದಳು.

ಅಯ್ಯಣ್ಣ ಅಳಿಯನಿಗೆ ಕಲಿಸತೊಡಗಿದ. ಗುರಿಗೆಂದು ಬೇವಿನ ಮರಕ್ಕೆ ಒಣ ಸಗಣಿಯ ಕುಳ್ಳು ಕಟ್ಟಿ, ಪಕ್ಕದಲ್ಲಿ ನಿಂತು ಹೇಳುತ್ತಿದ್ದ: "ಹಿಡಿ... ಹಿಡಿ... ಬಿಡು." ಬಿಡು ಎಂದೊಡನೆ ಬಾಣ ಹೋಗಬೇಕು. ಯುಗಾದಿ ಬರುವ ಹೊತ್ತಿಗೆ ಆ ಮಾತು ತಿಪ್ಪಣ್ಣನ ಕಿವಿಗಿಂತ ಮೊದಲು ಬೆರಳಿಗೆ ಕೇಳಿಸುತ್ತಿತ್ತು.

ಬೇಟೆಯ ದಿನ ಮಾವ ಅಳಿಯ ಇಬ್ಬರೂ ಒಂದು ಬಂಡೆಯ ಹಿಂದೆ ನಿಂತರು. ಗುಡ್ಡದ ಆಚೆ ಹುಲುಗಪ್ಪನ ಗುಂಪಿನ ಕೂಗು ಎದ್ದಿತು. ಕೊಂಬಿನ ಜಿಂಕೆಯೊಂದು ಓಡಿ ಬಂದು, ಜಾಲಿ ಪೊದೆಯ ಬಳಿ ತಲೆ ಎತ್ತಿ ನಿಂತಿತು. ತಿಪ್ಪಣ್ಣ ಆಗಲೇ ಎಳೆದ. ಅವಸರ ಮಾಡಿದ.

ಜಿಂಕೆಗೆ ಅನುಮಾನ ಬಂತು. ಪೊದೆಯ ಹಿಂದೆ ಸರಿದು, ಮುಖವೊಂದನ್ನೇ ಈಚೆ ಚಾಚಿ ನೋಡತೊಡಗಿತು. ಬಾಣ ಬಿಡಲು ಮೈ ಕಾಣುತ್ತಿಲ್ಲ. ಹೆದೆ ಇಳಿಸಿದರೆ ಆ ಅಲುಗಾಟಕ್ಕೇ ಅದು ಓಡುತ್ತದೆ. ತಿಪ್ಪಣ್ಣ ಹಿಡಿದುಕೊಂಡೇ ನಿಂತ. ಅವನ ತೋಳಿನ ನಡುಕ ನನ್ನ ಮೈಗೆ ಇಳಿಯಿತು. ಬಾಣದ ಮೊನೆ ಸಣ್ಣಗೆ ಸುತ್ತತೊಡಗಿತು. ಹೆದೆ ಅವನ ಬೆರಳನ್ನು ಕೊಯ್ಯುತ್ತಿತ್ತು. ನನ್ನ ಬೆನ್ನು ಸಿಡಿಯುವಷ್ಟು ಬಿಗಿದಿತ್ತು. ಬಗ್ಗಿದ ಬಿಲ್ಲಿಗೆ ಒಂದೇ ಒಂದು ಬಯಕೆ, ಚಿಮ್ಮುವುದು. ಬೇರೆ ಬಯಕೆ ನನಗೆ ಗೊತ್ತಿರಲಿಲ್ಲ.

ಆಗ ಪೊದೆಯ ಹಿಂದೆ ಬಿಳಿ ರುಮಾಲೊಂದು ಅಲುಗಿದ್ದನ್ನು ಅಯ್ಯಣ್ಣ ಕಂಡ. ಕೂಗುವವರು ಅಷ್ಟು ಹತ್ತಿರ ಬಂದುಬಿಟ್ಟಿದ್ದರು. ಜಿಂಕೆ ಹೋದರೆ ಹೋಗಲಿ, ಇದನ್ನು ಇಲ್ಲಿಗೇ ಕೈಬಿಟ್ಟು ಹೆದೆ ಇಳಿಸಲಿ ಎಂದು ಅವನ ಮನಸ್ಸಿನಲ್ಲಿತ್ತು.

"ಬಿಡೋ ತಿಪ್ಪಣ್ಣ," ಎಂದ. "ಬಿಡು."

ತಿಪ್ಪಣ್ಣ ಬಿಟ್ಟ.

ಜಿಂಕೆ ನೆಗೆದು ಹೋಯಿತು. ಪೊದೆ ದಾಟಿದ ಬಾಣ ಹುಲುಗಪ್ಪನ ಕುತ್ತಿಗೆಗೆ ನಾಟಿತು. ಅಷ್ಟು ದೊಡ್ಡ ಗಂಟಲಿನವನು ಸದ್ದಿಲ್ಲದೆ ಬಿದ್ದ.

"ಮಾವ, ನೀವೇ ಬಿಡು ಅಂದ್ರಿ," ಎಂದ ತಿಪ್ಪಣ್ಣ.

"ಜಿಂಕಿ ಆಸಿ ಬಿಡು ಅಂದೆನೋ," ಎಂದ ಅಯ್ಯಣ್ಣ. ಮಗನ ತಲೆ ಅವನ ತೊಡೆಯ ಮೇಲಿತ್ತು.

ಕೋರ್ಟಿನಲ್ಲಿ ನನಗೊಂದು ಚೀಟಿ ಕಟ್ಟಿ ಮೇಜಿನ ಮೇಲೆ ಮಲಗಿಸಿದರು. ಬಾಣ ಬಿಡಲು ಹೇಳಿದ್ದು ನೀನೇ ಎಂದು ಒಪ್ಪಿಕೋ, ನನ್ನ ಗಂಡ ಉಳಿಯಲಿ ಎಂದು ಮರೆಮ್ಮ ಅಪ್ಪನ ಕಾಲು ಹಿಡಿದಿದ್ದಳಂತೆ. ಹೊರಗೆ ಹಾಗೆ ಆಡಿಕೊಳ್ಳುತ್ತಿದ್ದರು. ವಕೀಲರು ಕೇಳಿದಾಗ ಅಯ್ಯಣ್ಣ ಅಳಿಯನ ಕಡೆ ನೋಡಲಿಲ್ಲ.

"ನಾ ಏನೂ ಅಂದಿಲ್ರಿ," ಎಂದ.

ಬಂಡೆಯ ಹಿಂದೆ ಅವನಾಡಿದ 'ಬಿಡು' ಕೇಳಿಸಿಕೊಂಡಿದ್ದ ಮೂರನೆಯವನು ನಾನೊಬ್ಬನೇ. ಬಿಲ್ಲಿನ ಸಾಕ್ಷಿ ಯಾರು ಕೇಳುತ್ತಾರೆ? ತಿಪ್ಪಣ್ಣ ಜೈಲಿಗೆ ಹೋದ. ಬಿಡುಗಡೆಯಾದ ಮೇಲೆ ಆ ಊರಿನ ಕಡೆ ತಲೆ ಹಾಕಲಿಲ್ಲವೆಂದು ಕೋರ್ಟಿನ ಜವಾನರು ಮಾತಾಡಿಕೊಂಡರು.

ಈಗ ನಾನು ಕೋರ್ಟಿನ ಸಾಮಾನಿನ ಕೋಣೆಯಲ್ಲಿ, ಕೊಡಲಿ ಕುಡುಗೋಲುಗಳ ನಡುವೆ ಬಿದ್ದಿದ್ದೇನೆ. ಹೆದೆ ಕೊಳೆತು ಹೋಗಿದೆ. ಕೆಳತುದಿಯಿಂದ ಗೆದ್ದಲು ಹತ್ತಿದೆ, ಓಡಿಸಲು ಕೈಯಿಲ್ಲ. ಒಂದು ವಿಚಾರ ಮಾತ್ರ ಮತ್ತೆ ಮತ್ತೆ ಬರುತ್ತದೆ. ತಿಪ್ಪಣ್ಣ ಹಿಡಿದು ನಿಂತಿದ್ದಾಗ ನಾನು ಬಿರುಕು ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಅಯ್ಯಣ್ಣ ನನ್ನನ್ನು ಅಷ್ಟು ಚೆನ್ನಾಗಿ ಮಾಡಿದ್ದ.

ಆ ಯುಗಾದಿಗೆ ಅವನ ಮನೆಯಿಂದ ಹೋದವರು ಒಬ್ಬ ಮಗ, ಒಬ್ಬ ಅಳಿಯ. ಜಿಂಕೆ ಒಂದೂ ಬೀಳಲಿಲ್ಲ.